ಬ್ರೂವರಿ ಮಾಲೀಕರ ಮಗ ಜೂಲ್: ಗಾಳಿಗೂ ಲೆಕ್ಕ ಬರೆದ ವಿಜ್ಞಾನಿ

ಕರೆಂಟ್ ಬಿಲ್‌ನಲ್ಲಿ ಬರುವ ಒಂದು ಯೂನಿಟ್ ಅಂದ್ರೆ 36 ಲಕ್ಷ ಜೂಲ್. ಈ ಹೆಸರು ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ 1818ರ ಡಿಸೆಂಬರ್ 24ರಂದು ಹುಟ್ಟಿದ ಜೇಮ್ಸ್ ಪ್ರೆಸ್ಕಾಟ್ ಜೂಲ್ ಅವರದ್ದು. ಅಪ್ಪನದ್ದು ಬಿಯರ್ ತಯಾರಿಸುವ ಬ್ರೂವರಿ. ಹುಡುಗನಿಗೆ ಬೆನ್ನುಮೂಳೆ ದುರ್ಬಲ, ಸ್ವಭಾವವೂ ನಾಚಿಕೆಯದ್ದು. ಕಾಲೇಜು ಹತ್ತಿದವರಲ್ಲ. ಆದರೆ ಪಾಠ ಹೇಳಿಕೊಟ್ಟವರು ಅಣುವಾದದ ಜಾನ್ ಡಾಲ್ಟನ್!

ಸೈಕಲ್ ಪಂಪ್ ಹೊಡೆದರೆ ಅದರ ಬುಡ ಬಿಸಿಯಾಗುತ್ತೆ, ಟೈರಿನ ಗಾಳಿ ಬಿಟ್ಟರೆ ತಣ್ಣಗೆ ಬರುತ್ತೆ. ಆ ಶಾಖ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು? ಶಾಖ ಅನ್ನೋದು ಒಂದು ದ್ರವ ಎಂದು ಆಗ ಬಹಳ ಜನ ನಂಬಿದ್ದರು. ಜೂಲ್ ಒಪ್ಪಲಿಲ್ಲ. ಎರಡು ತಾಮ್ರದ ಪಾತ್ರೆ ತಗೊಂಡರು. ಒಂದರಲ್ಲಿ ವಾತಾವರಣದ 22 ಪಟ್ಟು ಒತ್ತಡಕ್ಕೆ ಗಾಳಿ ತುಂಬಿದರು, ಇನ್ನೊಂದರ ಗಾಳಿ ಪೂರ್ತಿ ಎಳೆದು ಖಾಲಿ ಮಾಡಿದರು. ನಡುವೆ ಒಂದು ನಲ್ಲಿ. ಎರಡನ್ನೂ ಒಂದೇ ನೀರಲ್ಲಿ ಮುಳುಗಿಸಿ ನಲ್ಲಿ ತಿರುಗಿಸಿದರು. ಗಾಳಿ ಭರ್ರನೆ ನುಗ್ಗಿತು, ನೀರಿನ ಬಿಸಿ ಮಾತ್ರ ಬದಲಾಗಲಿಲ್ಲ. ಟೈರಿನ ಗಾಳಿ ಹೊರಗಿನ ಗಾಳಿಯನ್ನು ತಳ್ಳಬೇಕು, ಆ ದುಡಿಮೆಗೆ ತನ್ನ ಶಾಖ ಖರ್ಚು ಮಾಡುತ್ತೆ. ಖಾಲಿ ಜಾಗದಲ್ಲಿ ತಳ್ಳೋಕೆ ಏನಿದೆ?

ಪಾತ್ರೆಗಳನ್ನು ಬೇರೆ ಬೇರೆ ನೀರಲ್ಲಿಟ್ಟಾಗ ಒಂದು ತಣ್ಣಗಾಯ್ತು, ಇನ್ನೊಂದು ಹೆಚ್ಚುಕಡಿಮೆ ಅಷ್ಟೇ ಬಿಸಿಯಾಯ್ತು. ಖರ್ಚು, ಜಮೆ ಸಮ.

ಈ ಪ್ರಬಂಧವನ್ನು 1844ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ವಾಪಸ್ ಕಳಿಸಿತು. ಮರುವರ್ಷ ಬೇರೆ ಪತ್ರಿಕೆಯಲ್ಲಿ ಅಚ್ಚಾಯ್ತು. 1847ರಲ್ಲಿ ಆಕ್ಸ್‌ಫರ್ಡ್ ಸಭೆಯಲ್ಲಿ ಜೂಲ್ ಮಾತು ಕೇಳಿ ಎದ್ದು ಕೂತವರು ತರುಣ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು.

ಹಳೇ ಪ್ರಯೋಗದಲ್ಲಿ ಒಂದು ತೊಡಕಿತ್ತು. ಅಷ್ಟು ತಾಮ್ರ, ಅಷ್ಟು ನೀರಿನ ಮುಂದೆ ಗಾಳಿಯ ಸಣ್ಣ ಬದಲಾವಣೆ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಜೂಲ್ ಹಟ ಹಿಡಿಯಲಿಲ್ಲ, ಥಾಮ್ಸನ್ ಜೊತೆ ಸೇರಿ 1852ರಿಂದ ಮತ್ತೆ ಅಳೆದರು. ಒತ್ತಡದ ಗಾಳಿಯನ್ನು ಸಣ್ಣ ಸಣ್ಣ ರಂಧ್ರಗಳ ತಡೆಯಿಂದ ಹಾಯಿಸಿದಾಗ ತುಸು ತಣ್ಣಗಾಗೋದು ಕಂಡಿತು. ಗಾಳಿಯ ಕಣಗಳಿಗೆ ಒಂದಕ್ಕೊಂದು ಅಲ್ಪಸ್ವಲ್ಪ ಸೆಳೆತ ಇದೆ, ದೂರ ಸರಿಯೋಕೆ ಅಷ್ಟು ಶಕ್ತಿ ಬೇಕು. ಈ 'ತುಸು' ತಂಪನ್ನೇ ಮತ್ತೆ ಮತ್ತೆ ಕೂಡಿಸಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ 1895ರಲ್ಲಿ ಗಾಳಿಯನ್ನೇ ದ್ರವ ಮಾಡಿದರು. ಆಸ್ಪತ್ರೆಗಳ ದ್ರವ ಆಮ್ಲಜನಕದ ದಾರಿ ಅಲ್ಲಿಂದಲೇ.

ಜೂಲ್ ಹೆಂಡತಿ ಅಮೀಲಿಯಾ 1854ರಲ್ಲಿ ತೀರಿಕೊಂಡರು. ಬ್ರೂವರಿ ಮಾರಾಟವಾಯ್ತು. ಕೊನೆಗಾಲಕ್ಕೆ ಕೈ ಖಾಲಿಯಾಗಿ, 1878ರಿಂದ ವರ್ಷಕ್ಕೆ 200 ಪೌಂಡ್ ಸರ್ಕಾರಿ ಪಿಂಚಣಿಯೇ ಆಸರೆ. 1889ರ ಅಕ್ಟೋಬರ್ 11ರಂದು ಸೇಲ್ ಪಟ್ಟಣದಲ್ಲಿ ನಿಧನ. ಅಲ್ಲಿನ ಸಮಾಧಿ ಕಲ್ಲಿನ ಮೇಲೆ 772.55 ಎಂದು ಕೆತ್ತಿದ್ದಾರೆ. ಒಂದು ಪೌಂಡ್ ನೀರು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಾಗಬೇಕಾದರೆ ಒಂದು ಪೌಂಡ್ ತೂಕ ಇಷ್ಟು ಅಡಿ ಮೇಲಿಂದ ಇಳಿಯಬೇಕು ಅಂತ ಅವರೇ ಅಳೆದಿಟ್ಟ ಅಂಕಿ.