ಮಕ್ಕಳ ಜೀವ ತೆಗೆಯುವ ಆಟ ಕಟ್ಟಿದ ಆರೋಪ ಹೊತ್ತ ಗ್ಯಾರಿ ಗೈಗ್ಯಾಕ್ಸ್ ಯಾರು?

ಮಕ್ಕಳ ಗೇಮ್ ಬಗ್ಗೆ ಎದೆ ಝಲ್ಲೆನಿಸುವ ಫಾರ್ವರ್ಡ್ ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರುತ್ತದೆ. 2017ರಲ್ಲಿ ಬ್ಲೂ ವೇಲ್ ಹೆಸರಿನಲ್ಲಿ ದೇಶವೆಲ್ಲ ಇಂಥವು ಹರಿದಾಡಿದವು. ಆ ಆಟದಿಂದಲೇ ಸಾವು ಸಂಭವಿಸಿದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ ಎಂದು 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಲೋಕಸಭೆಗೆ ತಿಳಿಸಿತು. ಆ ಸುದ್ದಿಯನ್ನು ಮಾತ್ರ ನಮಗೆ ಯಾರೂ ಫಾರ್ವರ್ಡ್ ಮಾಡಲಿಲ್ಲ!

ಇದೇ ಕಥೆ ಅಮೆರಿಕದಲ್ಲಿ ನಾಲ್ಕು ದಶಕಗಳ ಹಿಂದೆ ನಡೆದಿತ್ತು. ಆಗ ಆರೋಪಿ ಸ್ಥಾನದಲ್ಲಿ ಇದ್ದದ್ದು ಮೊಬೈಲ್ ಅಲ್ಲ. ಕಾಗದ, ಪೆನ್ಸಿಲ್ ಮತ್ತು ದಾಳಗಳಿಂದ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಇವತ್ತು ನಾವು ಫೋನಿನಲ್ಲಿ ಪಾತ್ರ ಆರಿಸುವುದು, ಅದಕ್ಕೆ ಶಕ್ತಿಗಳನ್ನು ಜೋಡಿಸುವುದು, ಲೆವೆಲ್ ಏರಿಸುವುದು, ಇವೆಲ್ಲದರ ಬೇರು ಹುಡುಕುತ್ತ ಹೋದರೆ ಸಿಗುವುದು ಆ ಆಟವೇ.

ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಹುಟ್ಟಿದ್ದು 1938ರ ಜುಲೈ 27ರಂದು, ಷಿಕಾಗೋದಲ್ಲಿ. ಬೆಳೆದದ್ದು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಲ್ಲಿ. ಹೈಸ್ಕೂಲು ಅರ್ಧಕ್ಕೆ ಬಿಟ್ಟರು. ಮುಂದೆ ವಿಮಾ ಕಂಪನಿಯಲ್ಲಿ ನೌಕರಿ, ಸಂಜೆಯಾದರೆ ಗೆಳೆಯರೊಂದಿಗೆ ಪುಟ್ಟ ಸೈನಿಕ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ ಯುದ್ಧದಾಟ. 1968ರಲ್ಲಿ ಅವರು ಇಂಥ ಆಟಗಾರರನ್ನೆಲ್ಲ ಊರಿನ ಒಂದು ಸಭಾಂಗಣದಲ್ಲಿ ಸೇರಿಸಿದರು. ಜೆನ್ ಕಾನ್ ಎಂಬ ಆ ಮೇಳ ಇಂದಿಗೂ ನಡೆಯುತ್ತಿದೆ. 1970ರಲ್ಲಿ ನೌಕರಿ ಹೋಯಿತು. ಸಂಸಾರ ದೊಡ್ಡದು. ಮನೆಯ ನೆಲಮಾಳಿಗೆಯಲ್ಲಿ ಚಪ್ಪಲಿ, ಬೂಟು ರಿಪೇರಿ ಮಾಡುತ್ತ ಆಟದ ನಿಯಮಗಳನ್ನು ಬರೆದರು.

ಆ ಯುದ್ಧದಾಟಗಳಲ್ಲಿ ಒಂದು ಗೊಂಬೆ ಎಂದರೆ ಸಾಮಾನ್ಯವಾಗಿ ಒಂದು ತುಕಡಿ. ಮಿನೆಸೊಟಾದ ಡೇವ್ ಆರ್ನೆಸನ್ ಒಬ್ಬ ಆಟಗಾರನಿಗೆ ಒಂದೇ ಪಾತ್ರ ಕೊಟ್ಟರು. ಆ ಪಾತ್ರ ಒಂದು ಆಟದಿಂದ ಇನ್ನೊಂದಕ್ಕೆ ಮುಂದುವರಿಯುತ್ತದೆ, ಬಲಿಯುತ್ತದೆ. 1972ರಲ್ಲಿ ಅವರು ಲೇಕ್ ಜಿನೀವಾಕ್ಕೆ ಬಂದು ಇದನ್ನು ಆಡಿ ತೋರಿಸಿದಾಗ ಗೈಗ್ಯಾಕ್ಸ್ ಮರುಳಾದರು. ಕುಳಿತು ನಿಯಮಗಳನ್ನು ಬರೆದರು, ತಮ್ಮ ಮಕ್ಕಳನ್ನೇ ಕೂರಿಸಿ ಆಡಿಸಿ ನೋಡಿದರು. 1974ರಲ್ಲಿ ಮೂರು ಪುಟ್ಟ ಪುಸ್ತಕಗಳಿದ್ದ ಡಬ್ಬಿ ಹೊರಬಂತು. ಮೊದಲ ಮುದ್ರಣ 1,000 ಪ್ರತಿ.

ಆ ಪುಸ್ತಕಗಳಲ್ಲಿದ್ದದ್ದು ಮೂರೇ ಬಗೆಯ ಪಾತ್ರ. ಯೋಧನಿಗೆ ಯಾವ ಆಯುಧವಾದರೂ ಸರಿ, ಯಾವ ಕವಚವಾದರೂ ಸರಿ, ಆದರೆ ಮಂತ್ರ ಬಾರದು. ಮಾಂತ್ರಿಕ ಕವಚ ತೊಡುವಂತಿಲ್ಲ. ಕೈಯಲ್ಲಿ ಒಂದು ಕಠಾರಿ ಮಾತ್ರ, ಮೊದಲ ಲೆವೆಲ್‌ನಲ್ಲಿ ದಿನಕ್ಕೆ ಒಂದೇ ಮಂತ್ರ. ಅದು ಮುಗಿದರೆ ಯೋಧನ ಬೆನ್ನ ಹಿಂದೆ ನಿಲ್ಲಬೇಕು. ಪುರೋಹಿತ ಗಾಯ ಮಾಯಿಸಬಲ್ಲ, ಸತ್ತು ಎದ್ದು ಬಂದವರನ್ನು ಓಡಿಸಬಲ್ಲ, ಆದರೆ ಹರಿತವಾದ ಆಯುಧ ಮುಟ್ಟುವಂತಿಲ್ಲ. ಮಾಂತ್ರಿಕ ಬದುಕುಳಿದು ಮೇಲೇರಿದರೆ ಯೋಧನನ್ನೂ ಮೀರಿಸುತ್ತಾನೆ, ಆದರೆ ಅಲ್ಲಿಯ ತನಕ ಅವನನ್ನು ಕಾಯುವವರು ಬೇಕು. ಯಾರಿಗೂ ಎಲ್ಲವೂ ಇಲ್ಲ. ಇಂದಿನ ಗೇಮರ್‌ಗಳು ಬಿಲ್ಡ್ ಎನ್ನುವುದರ ಮೊದಲ ರೂಪ ಇದು, ಮತ್ತು ಇದರ ಜಾಣತನವೆಲ್ಲ ಪಾತ್ರಗಳ ಕೊರತೆಯಲ್ಲಿದೆ ಎಂದು ನಮಗೆ ಅನಿಸುತ್ತದೆ. ನಿಮಗಿಲ್ಲದ್ದು ಪಕ್ಕದವನಲ್ಲಿದ್ದರೆ ತಾನೇ ತಂಡ ಕಟ್ಟುವುದು?

ಕಳ್ಳನ ಪಾತ್ರ ಸೇರಿದ್ದು 1975ರಲ್ಲಿ. ಅದರ ಕಲ್ಪನೆ ಕ್ಯಾಲಿಫೋರ್ನಿಯಾದ ಆಟಗಾರರಿಂದ ಬಂದದ್ದು. ಜೊತೆಗಾರರು ಸಿಗದವರನ್ನೂ ಗೈಗ್ಯಾಕ್ಸ್ ಮರೆಯಲಿಲ್ಲ. ಅದೇ ವರ್ಷ ಕಂಪನಿಯ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಒಬ್ಬರೇ ಆಡುವ ವಿಧಾನ ಪ್ರಕಟಿಸಿದರು: ದಾಳ ಹಾಕಿ, ಪಟ್ಟಿ ನೋಡಿ, ಮುಂದಿನ ಕೋಣೆ ಯಾವುದು, ಅದರಲ್ಲಿ ಏನಿದೆ ಎಂದು ತಿಳಿದುಕೊಳ್ಳುವುದು. ಪ್ರತಿ ಸಲವೂ ಹೊಸ ನಕ್ಷೆ ಕೊಡುವ ಇಂದಿನ ಸೋಲೋ ಗೇಮ್‌ಗಳಲ್ಲಿ ಆ ದಾಳ ಹಾಕುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. 1981ರ ವಿಝಾರ್ಡ್ರಿ ಗೇಮ್‌ನಲ್ಲಂತೂ ಒಬ್ಬನೇ ಕುಳಿತು ಆರು ಜನರ ತಂಡವನ್ನು ನಡೆಸಬೇಕಿತ್ತು!

ಇಷ್ಟೆಲ್ಲ ಕೂಡಿ ಆಡುವ ನಿಯಮ ಬರೆದ ಗೈಗ್ಯಾಕ್ಸ್, ಹೆಸರಿನ ವಿಷಯಕ್ಕೆ ಬಂದರೆ ಉದಾರಿಯಾಗಿರಲಿಲ್ಲ. ಆಟದ ಪರಿಷ್ಕೃತ ಆವೃತ್ತಿ ಅವರೊಬ್ಬರ ಹೆಸರಿನಲ್ಲೇ ಬಂತು. ಆರ್ನೆಸನ್ 1979ರಲ್ಲಿ ಕೋರ್ಟಿಗೆ ಹೋದರು, 1981ರಲ್ಲಿ ರಾಜಿಯಾಯಿತು. ಗೈಗ್ಯಾಕ್ಸ್ ಒಬ್ಬರೇ ಇದನ್ನು ಕಂಡುಹಿಡಿದರು ಎಂದು ಬರೆದ ಪೋಸ್ಟ್ ಸಿಕ್ಕರೆ ಅದು ಅರ್ಧಸತ್ಯ.

ಪೂರ್ತಿ ಸುಳ್ಳು ಹುಟ್ಟಿದ್ದೂ 1979ರಲ್ಲೇ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ 16 ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ಆಟ ಆಡುತ್ತ ಕ್ಯಾಂಪಸ್ಸಿನ ಸುರಂಗಗಳಲ್ಲಿ ಕಳೆದುಹೋಗಿರಬಹುದು ಎಂಬ ಪತ್ತೇದಾರನ ಊಹೆ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ವಾರಗಳ ನಂತರ ಆತ ದೂರದ ಲೂಸಿಯಾನಾದಲ್ಲಿ ಜೀವಂತವಾಗಿ ಸಿಕ್ಕ. ಮನಸ್ಸಿನಲ್ಲಿ ಬೇರೆಯೇ ನೋವಿತ್ತು, ಮರುವರ್ಷ ತೀರಿಕೊಂಡ. ಆಟ ಕಾರಣವಲ್ಲ ಎಂದು ಅದೇ ಪತ್ತೇದಾರ 1984ರಲ್ಲಿ ಪುಸ್ತಕ ಬರೆದು ತಿಳಿಸುವ ಹೊತ್ತಿಗೆ ಊಹೆ ಊರೂರು ಸುತ್ತಿಯಾಗಿತ್ತು. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು 1983ರಲ್ಲಿ ಆಟದ ವಿರುದ್ಧ ಸಂಘಟನೆಯನ್ನೇ ಕಟ್ಟಿದರು. ಅವರ ದುಃಖ ನಿಜ, ಅದನ್ನು ಹಗುರ ಮಾಡಲು ನಾವು ಸಿದ್ಧರಿಲ್ಲ. ಆದರೆ ಆಟವೇ ಆತ್ಮಹತ್ಯೆಗೆ ಕಾರಣ ಎಂಬುದು ಸಾಬೀತಾಗಲಿಲ್ಲ. 1985ರಲ್ಲಿ ಗೈಗ್ಯಾಕ್ಸ್ ಟಿವಿ ಕಾರ್ಯಕ್ರಮದಲ್ಲಿ ಕುಳಿತು ಉತ್ತರ ಕೊಡಬೇಕಾಯಿತು. ಅದೇ ವರ್ಷ ತಾವೇ ಕಟ್ಟಿದ ಕಂಪನಿಯ ಹಿಡಿತವೂ ಕೈತಪ್ಪಿತು.

ಹಾಗಾದರೆ ಗೇಮ್‌ಗಳಿಂದ ತೊಂದರೆಯೇ ಇಲ್ಲವೇ? ಇದೆ. ಊಟ, ನಿದ್ದೆ, ಓದು ಬಿಟ್ಟು, ಹಾನಿಯಾಗುತ್ತಿದ್ದರೂ ಆಡುವುದನ್ನು ನಿಲ್ಲಿಸಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಮಗು ಮಂಕಾಗಿದ್ದರೆ, ಸಾವಿನ ಮಾತಾಡುತ್ತಿದ್ದರೆ, ಫೋನ್ ಕಿತ್ತುಕೊಂಡು ಸುಮ್ಮನಾಗಬೇಡಿ. ಕೂರಿಸಿ ಮಾತಾಡಿಸಿ, ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಕಂಪನಿ ಬಿಟ್ಟ ಮೇಲೂ ಗೈಗ್ಯಾಕ್ಸ್ ಆಟ ಬಿಡಲಿಲ್ಲ. 2004ರಲ್ಲಿ ಪಾರ್ಶ್ವವಾಯು ಬಡಿದ ನಂತರವೂ ಲೇಕ್ ಜಿನೀವಾದ ಮನೆಯಲ್ಲಿ ಗೆಳೆಯರನ್ನು ಕೂರಿಸಿಕೊಂಡು ಆಡಿಸುತ್ತಿದ್ದರು. 2008ರ ಮಾರ್ಚ್ 4ರಂದು, 69ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮುಗಿಸಿ ಬಂದವರು ಊರಿನ ಒಂದು ಹಾಲ್‌ನಲ್ಲಿ ಸೇರಿ, ಮೇಜುಗಳ ಸುತ್ತ ಕುಳಿತು ದಾಳ ಹಾಕಿ ಆಡಿದರು.