ನಾಗಸ್ವರಕ್ಕೆ ಶಿಷ್ಯನಾದ ಚಾರ್ಲಿ ಮರಿಯಾನೊ

ಹಾಡಿಲ್ಲದ ಸಂಗೀತವನ್ನು ಎಲ್ಲಿಂದ ಕೇಳಲು ಆರಂಭಿಸಬೇಕು ಎಂದು ನಮ್ಮ ಕಡೆಯ ಹುಡುಗರು ಆಗಾಗ ನನ್ನನ್ನು ವಿಚಾರಿಸುತ್ತಾರೆ. ದಾಂಡೇಲಿ, ಹಳಿಯಾಳಗಳಲ್ಲಿ ಈಗ ಗಿಟಾರ್, ಕೀಬೋರ್ಡ್ ಹಿಡಿದವರಿಗೆ ಕೊರತೆಯಿಲ್ಲ. ಜಗತ್ತಿನ ಸಂಗೀತವೆಲ್ಲ ಮೊಬೈಲಿನಲ್ಲಿ ಸಿಗುತ್ತದೆ. ಸಿಗುವುದು ಹೆಚ್ಚಾದಷ್ಟೂ ಆಯ್ಕೆ ಕಷ್ಟವಾಗುತ್ತದೆ. ವಾದ್ಯಗಳಷ್ಟೇ ಮಾತನಾಡುವ ಜಾಝ್-ರಾಕ್ ಧ್ವನಿಮುದ್ರಿಕೆಗಳ ಪಟ್ಟಿಯೊಂದನ್ನು ಕೊಡಿ ಎಂದು ಅವರು ಕೇಳಿದಾಗ ನಾನು ಒಬ್ಬ ಮನುಷ್ಯನ ಬದುಕನ್ನು ಹೇಳುತ್ತೇನೆ. ಆ ಬದುಕಿನ ತಿರುವು ತಿರುವಿನಲ್ಲೂ ಕೇಳಲೇಬೇಕಾದ ಧ್ವನಿಮುದ್ರಿಕೆಯೊಂದು ಇದೆ. ಆ ದಾರಿ ಬಾಸ್ಟನ್ನಿನಲ್ಲಿ ಹೊರಟು ಬೆಂಗಳೂರಿಗೂ ಬಂದು ಸೇರುತ್ತದೆ.

ಚಾರ್ಲಿ ಮರಿಯಾನೊ ಹುಟ್ಟಿದ್ದು 1923ರ ನವೆಂಬರ್ 12ರಂದು, ಇಟಲಿಯಿಂದ ಅಮೆರಿಕಕ್ಕೆ ವಲಸೆ ಬಂದ ಕುಟುಂಬದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ವಾದ್ಯವೃಂದದಲ್ಲಿ ನುಡಿಸಿದ ಈತ, ತಲೆಮಾರಿನ ಉಳಿದೆಲ್ಲ ಆಲ್ಟೊ ಸ್ಯಾಕ್ಸೊಫೋನ್ ವಾದಕರಂತೆ ಚಾರ್ಲಿ ಪಾರ್ಕರನ ಪ್ರಭಾವಕ್ಕೆ ಸಿಕ್ಕಿದವನು. 1950ರ ದಶಕದಲ್ಲಿ ಸ್ಟಾನ್ ಕೆಂಟನನ ಪ್ರಖ್ಯಾತ ವಾದ್ಯವೃಂದ ಸೇರಿ ಹೆಸರು ಮಾಡಿದ. ಜಪಾನಿನ ಪಿಯಾನೊ ವಾದಕಿ ತೋಷಿಕೊ ಅಕಿಯೋಷಿಯನ್ನು ಮದುವೆಯಾಗಿ ಕೆಲಕಾಲ ಜಪಾನಿನಲ್ಲೂ ಇದ್ದ. 1963ರಲ್ಲಿ ಚಾರ್ಲ್ಸ್ ಮಿಂಗಸ್ ತನ್ನ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯನ್ನು ಮುದ್ರಿಸಿದಾಗ ಅದರ ಭಾವದ ಭಾರವನ್ನು ಬಹುಮಟ್ಟಿಗೆ ಹೊತ್ತದ್ದು ಮರಿಯಾನೊನ ಆಲ್ಟೊ. ಅಳುವೂ ಸಿಟ್ಟೂ ಒಂದೇ ಉಸಿರಿನಲ್ಲಿ ಬರುವ ಆ ನಾದವನ್ನು ಮೊದಲ ಸಲ ಕೇಳಿದವರು ಮರೆಯಲಾರರು. ನನ್ನ ಮೊದಲ ಶಿಫಾರಸು ಇದೇ. ಇದು ಜಾಝ್-ರಾಕ್ ಅಲ್ಲ. ಆದರೆ ಮುಂದೆ ಬರುವುದನ್ನು ಕೇಳಲು ಕಿವಿಯನ್ನು ಇದು ಸಜ್ಜುಗೊಳಿಸುತ್ತದೆ.

ನಲವತ್ತರ ವಯಸ್ಸಿಗೆ ಆತನಿಗೆ ಬೇಕಾದದ್ದೆಲ್ಲ ಒಲಿದಿತ್ತು. ಬಾಸ್ಟನ್ನಿನ ಬರ್ಕ್ಲಿ ಸಂಗೀತ ವಿದ್ಯಾಲಯದಲ್ಲಿ ಅಧ್ಯಾಪಕನ ಹುದ್ದೆಯೂ ಇತ್ತು. ಅಲ್ಲಿಯೇ ನೆಮ್ಮದಿಯಿಂದ ನಿವೃತ್ತನಾಗಬಹುದಿತ್ತು. ಆದರೆ 1960ರ ದಶಕದ ಉತ್ತರಾರ್ಧದಲ್ಲಿ, ರೇಡಿಯೊ ಮಲೇಷ್ಯಾದ ವಾದ್ಯವೃಂದಕ್ಕೆ ತರಬೇತಿ ಕೊಡಲೆಂದು ಕ್ವಾಲಾಲಂಪುರಕ್ಕೆ ಹೋದಾಗ ದಕ್ಷಿಣ ಭಾರತದ ನಾಗಸ್ವರ ಅವನ ಕಿವಿಗೆ ಬಿತ್ತು. ಕಲಿಸಲು ಹೋದವನು ಕಲಿಯಲು ಕುಳಿತ. 1970ರ ದಶಕದ ಆರಂಭದಲ್ಲಿ, ಐವತ್ತರ ಆಸುಪಾಸಿನಲ್ಲಿ, ದಕ್ಷಿಣ ಭಾರತಕ್ಕೇ ಬಂದು ಹಳ್ಳಿಯೊಂದರಲ್ಲಿ ಕೆಲವು ತಿಂಗಳಿದ್ದು ಗುರುವಿನ ಎದುರು ಆ ವಾದ್ಯವನ್ನು ಅಭ್ಯಾಸ ಮಾಡಿದ.

ಇದು ಎಷ್ಟು ಕಷ್ಟದ ಕೆಲಸ ಎಂಬುದನ್ನು ಸ್ವಲ್ಪ ವಿವರಿಸಬೇಕು. ಸ್ಯಾಕ್ಸೊಫೋನ್ ಲೋಹದ ವಾದ್ಯ; ಅದರ ಬಾಯಿಗೆ ಒಂದೇ ಸೀಳಿನ ಜೊಂಡು. ಬೆರಳುಗಳು ರಂಧ್ರಗಳನ್ನು ನೇರವಾಗಿ ಮುಟ್ಟುವುದಿಲ್ಲ, ಕೀಲಿಗಳನ್ನು ಒತ್ತುತ್ತವೆ. ನಾಗಸ್ವರ ಮರದ ಉದ್ದನೆಯ ಕೊಳವೆ. ಅದರ ತುದಿಯಲ್ಲಿ ಎರಡು ಎಲೆಗಳ ಜೊಂಡು. ಕೀಲಿಗಳಿಲ್ಲ. ಗಮಕವೆಲ್ಲ ತುಟಿಯ ಒತ್ತಡ, ಉಸಿರಿನ ಹದ, ರಂಧ್ರದ ಮೇಲೆ ಅರೆಬರೆ ಸರಿಯುವ ಬೆರಳು ಇವುಗಳಿಂದಲೇ ಹುಟ್ಟಬೇಕು. ಮೂವತ್ತು ವರ್ಷ ಒಂದು ಬಗೆಯಲ್ಲಿ ಪಳಗಿದ ತುಟಿಯನ್ನು ಇನ್ನೊಂದು ಬಗೆಗೆ ಬಗ್ಗಿಸುವುದೆಂದರೆ ಬಲಗೈಯಲ್ಲಿ ಬರೆಯುವವನು ಎಡಗೈಯಲ್ಲಿ ಅಕ್ಷರ ತಿದ್ದಿದಂತೆ. ಜಗತ್ತು ಮೆಚ್ಚಿದ ವಾದಕನೊಬ್ಬ ಅಪಸ್ವರ ಬರುವ ಹಂತಕ್ಕೆ ತಾನಾಗಿ ಮರಳಿದ್ದು ನನಗೆ ಅವನ ಯಾವ ಕಛೇರಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಅದೇ ಕಾಲಕ್ಕೆ ಪಶ್ಚಿಮದಲ್ಲಿ ಜಾಝ್ ಮತ್ತು ರಾಕ್ ಒಂದನ್ನೊಂದು ಬೆಸೆದುಕೊಳ್ಳುತ್ತಿದ್ದವು. 1970ರಲ್ಲಿ ಮೈಲ್ಸ್ ಡೇವಿಸನ ‘ಬಿಚಸ್ ಬ್ರೂ’ ಬಂತು; ಮರುವರ್ಷ ಜಾನ್ ಮೆಕ್‌ಲಾಫ್ಲಿನ್ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದ. ಜಾಝ್‌ನ ಮನೋಧರ್ಮಕ್ಕೆ ರಾಕ್‌ನ ವಿದ್ಯುತ್ ವಾದ್ಯಗಳೂ ಬಿಗಿಯಾದ ತಾಳವೂ ಸೇರಿದ ಈ ಸಂಗೀತದಲ್ಲಿ ಹಾಡುಗಾರನ ಅಗತ್ಯವೇ ಇರಲಿಲ್ಲ. ತನ್ನ ವಯಸ್ಸಿನ ಅನೇಕರು ಇದನ್ನು ಗದ್ದಲವೆಂದು ತಳ್ಳಿಹಾಕಿದಾಗ ಮರಿಯಾನೊ ತನಗಿಂತ ಇಪ್ಪತ್ತು ವರ್ಷ ಚಿಕ್ಕವರ ಜೊತೆ ಸೇರಿಕೊಂಡ. ಬಾಸ್ಟನ್ನಿನಲ್ಲಿ ಆಸ್ಮೋಸಿಸ್ ತಂಡದೊಂದಿಗೆ ನುಡಿಸಿದ. ಆಮೇಲೆ ಯುರೋಪಿಗೆ ಹೋಗಿ ನೆಲೆಸಿದ.

ಈ ಘಟ್ಟದಿಂದ ಮೂರು ಧ್ವನಿಮುದ್ರಿಕೆಗಳನ್ನು ನಾನು ಹೆಸರಿಸುತ್ತೇನೆ. ಮೊದಲನೆಯದು ಜರ್ಮನಿಯ ಎಂಬ್ರಿಯೊ ತಂಡದ ‘ವಿ ಕೀಪ್ ಆನ್’, 1973ರದ್ದು. ಒರಟಾದ, ಅಲೆಮಾರಿ ಸ್ವಭಾವದ ಸಂಗೀತವಿದು; ಮರಿಯಾನೊ ಇಲ್ಲಿ ಸ್ಯಾಕ್ಸೊಫೋನ್ ಜೊತೆಗೆ ನಾಗಸ್ವರವನ್ನೂ ನುಡಿಸಿದ್ದಾನೆ. ಎರಡನೆಯದು ಆತನ ಹೆಸರಿನಲ್ಲೇ 1976ರಲ್ಲಿ ಬಂದ ‘ಹೆಲೆನ್ ಟ್ವೆಲ್ವ್ ಟ್ರೀಸ್’. ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿದ್ದ ಯಾನ್ ಹಾಮರ್ ಕೀಬೋರ್ಡಿಗೆ, ಕ್ರೀಮ್ ತಂಡದ ಜಾಕ್ ಬ್ರೂಸ್ ಬಾಸ್ ಗಿಟಾರಿಗೆ, ಸಾಫ್ಟ್ ಮೆಷಿನ್ ತಂಡದ ಜಾನ್ ಮಾರ್ಷಲ್ ಡ್ರಮ್ಸಿಗೆ, ಪೋಲೆಂಡಿನ ಸೈಫರ್ಟ್ ಪಿಟೀಲಿಗೆ ಕುಳಿತ ಈ ಮುದ್ರಿಕೆ ಜಾಝ್-ರಾಕ್‌ನ ರಭಸವನ್ನು ಬಯಸುವವರಿಗೆ ತಕ್ಕದ್ದು. ಮೂರನೆಯದು ಎಬರ್‌ಹಾರ್ಡ್ ವೆಬರನ ‘ಯೆಲ್ಲೊ ಫೀಲ್ಡ್ಸ್’, 1975ರಲ್ಲಿ ಮುದ್ರಣವಾದದ್ದು. ಇಲ್ಲಿ ಮರಿಯಾನೊ ಸೊಪ್ರಾನೊ ಸ್ಯಾಕ್ಸೊಫೋನ್, ಶಹನಾಯಿ, ನಾಗಸ್ವರ ಮೂರನ್ನೂ ನುಡಿಸುತ್ತಾನೆ. ಕಾಳಿ ನದಿಯ ದಂಡೆಯ ಮುಂಜಾವಿನ ಮಂಜಿನಲ್ಲಿ ಕೇಳಲೆಂದೇ ಹುಟ್ಟಿದಂತಿರುವ ಸಂಗೀತ ಎಂದು ನಾನಂದರೆ ಅದು ಊರಿನ ಅಭಿಮಾನವಷ್ಟೇ ಅಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ನಾಗಸ್ವರ ಅಲ್ಲಿ ಒಗ್ಗರಣೆಯ ಸಾಸಿವೆಯಾಗಿಲ್ಲ. ವರ್ಷಗಟ್ಟಲೆ ಕಲಿತು ನುಡಿಸುವವನ ಕೈಯಲ್ಲಿ ಅದು ಸಂಗೀತದ ಹೂರಣವೇ ಆಗಿದೆ.

1970ರ ದಶಕದ ಕೊನೆಗೆ ಎಂಬ್ರಿಯೊ ತಂಡದವರು ಜರ್ಮನಿಯಿಂದ ಬಸ್ಸಿನಲ್ಲಿ ಹೊರಟು ಅಫ್ಘಾನಿಸ್ತಾನದ ಮೂಲಕ ಭಾರತಕ್ಕೆ ಬಂದರು. ದಾರಿಯುದ್ದಕ್ಕೂ ಸಿಕ್ಕ ಕಲಾವಿದರೊಂದಿಗೆ ನುಡಿಸುತ್ತ ಬಂದ ಅವರಿಗೆ ದೊರೆತ ಗೆಳೆಯರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರೂ ಒಬ್ಬರು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಸಂಸ್ಥೆಯಿದು. ಪಕ್ಕವಾದ್ಯವೆಂದು ಬದಿಗೆ ಕೂರಿಸಿದ ಲಯವಾದ್ಯಗಳನ್ನು ವೇದಿಕೆಯ ನಡುವಿಗೆ ತಂದದ್ದು ಅವರ ಹೆಗ್ಗಳಿಕೆ. ಮರಿಯಾನೊ ಈ ಬಳಗದೊಂದಿಗೆ ಕೂಡಿಕೊಂಡದ್ದು ಹೀಗೆ ಬೆಳೆದ ಸ್ನೇಹದ ಬಲದಿಂದ.

ಅದರ ಫಲ ‘ಜ್ಯೋತಿ’. 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆ ಹೊರತಂದ ಈ ಮುದ್ರಿಕೆಯಲ್ಲಿ ಆರ್.ಎ. ರಮಾಮಣಿಯವರ ಕಂಠ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟಂ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ ಇವೆ. ಅವುಗಳ ನಡುವೆ ಮರಿಯಾನೊನ ಸ್ಯಾಕ್ಸೊಫೋನ್ ಮತ್ತು ಕೊಳಲು. ರಮಾಮಣಿಯವರ ದನಿಯೂ ಬಹಳ ಕಡೆ ಸಾಹಿತ್ಯವಿಲ್ಲದೆ ವಾದ್ಯದಂತೆಯೇ ಸಂಚರಿಸುತ್ತದೆ. ಡ್ರಮ್ಸ್ ಇಲ್ಲ, ವಿದ್ಯುತ್ ಗಿಟಾರ್ ಇಲ್ಲ. ಆದರೂ ಜಾಝ್-ರಾಕ್ ಹುಡುಕುತ್ತಿದ್ದ ಲಯದ ಬಿಗುವು ಇಲ್ಲಿ ಸಿಗುತ್ತದೆ. ನನಗೆ ಮುಖ್ಯವೆನಿಸುವ ಸಂಗತಿ ಬೇರೆಯೇ ಇದೆ: ಇಲ್ಲಿನ ರಚನೆಗಳು ರಮಾಮಣಿಯವರವು. ಜಗತ್ತು ಬಲ್ಲ ಹೆಸರು ಮರಿಯಾನೊನದು. ಆತ ನುಡಿಸಿದ್ದು ಬೆಂಗಳೂರಿನ ಗಾಯಕಿಯ ಸಂಗೀತವನ್ನು. ಅವರ ರಾಗದ ಮೇಲೆ ತನ್ನ ಸಂಗೀತವನ್ನು ಹೇರದೆ, ಅವರ ಸಾಲಿನಲ್ಲಿ ತನ್ನ ಜಾಗ ಹುಡುಕಿಕೊಂಡ.

ಇಷ್ಟು ಹೇಳಿದಾಗ ಕದ್ರಿ ಗೋಪಾಲನಾಥರನ್ನು ನೆನೆಯದಿರಲು ಸಾಧ್ಯವಿಲ್ಲ. ದಕ್ಷಿಣ ಕನ್ನಡದ ನಾಗಸ್ವರದ ಮನೆತನದಲ್ಲಿ ಹುಟ್ಟಿ, ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಅವರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ವರ್ಷಗಟ್ಟಲೆ ಹೆಣಗಿದರು. 2019ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ನಮ್ಮದೇ ವಾದ್ಯವೆಂಬಂತೆ ನುಡಿಸಿದರು. ಒಬ್ಬರು ನಾಗಸ್ವರದಿಂದ ಸ್ಯಾಕ್ಸೊಫೋನಿಗೆ, ಇನ್ನೊಬ್ಬ ಸ್ಯಾಕ್ಸೊಫೋನಿನಿಂದ ನಾಗಸ್ವರಕ್ಕೆ. ಇಬ್ಬರೂ ಅಡ್ಡದಾರಿ ಹಿಡಿಯಲಿಲ್ಲ. ಅಮೆರಿಕದ ರುದ್ರೇಶ್ ಮಹಂತಪ್ಪನವರೊಂದಿಗೆ ಗೋಪಾಲನಾಥರು ನುಡಿಸಿದ ‘ಕಿನ್ಸ್‌ಮೆನ್’, 2008ರದ್ದು, ನನ್ನ ಶಿಫಾರಸುಗಳಲ್ಲಿ ಇನ್ನೊಂದು.

ಇದನ್ನೆಲ್ಲ ನಮ್ಮ ಸೀಮೆಯವರಿಗೆ ಏಕೆ ಹೇಳಬೇಕು? ಕಾರಣವಿದೆ. ಹಳಿಯಾಳ, ಮುಂಡಗೋಡ, ಜೋಯಿಡಾದ ಕಾಡಂಚಿನಲ್ಲಿ ಸಿದ್ದಿಗಳ ದಮಾಮಿ ಇದೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಆಫ್ರಿಕಾದಿಂದ ಗೋವೆಗೆ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರ ಸಂತತಿ ಅವರು. ಜಾಝ್ ಹುಟ್ಟಿದ್ದೂ ಅದೇ ಖಂಡದಿಂದ ಅಮೆರಿಕಕ್ಕೆ ಸಾಗಿಸಲ್ಪಟ್ಟ ಗುಲಾಮರ ಮಕ್ಕಳ ನಡುವೆ. ಜೋಯಿಡಾದ ಕುಣಬಿಗಳಲ್ಲಿ ಮಣ್ಣಿನ ಮಡಕೆಗೆ ಚರ್ಮ ಬಿಗಿದ ಗುಮಟೆ ಇದೆ. ಮುಂಡಗೋಡದಲ್ಲಿ 1966ರಿಂದ ನೆಲೆಸಿದ ಟಿಬೆಟನ್ನರ ವಿಹಾರಗಳಲ್ಲಿ ನಾಗಸ್ವರದ ಬಳಗಕ್ಕೇ ಸೇರಿದ, ಜೋಡಿಜೊಂಡಿನ ಗ್ಯಾಲಿಂಗ್ ಪೂಜೆಯ ವೇಳೆ ಮೊಳಗುತ್ತದೆ. ಮೂರು ಖಂಡ ಅಲೆದು ಮರಿಯಾನೊ ಹುಡುಕಿದಂಥ ನಾದಗಳು ನಮಗೆ ಒಂದು ಬಸ್ಸಿನ ಪ್ರಯಾಣದಷ್ಟು ಹತ್ತಿರದಲ್ಲಿವೆ.

ನಾವು ಅವುಗಳೊಂದಿಗೆ ಮಾಡುತ್ತಿರುವುದೇನು? ಪ್ರವಾಸಿಗರ ಬಿಡಾರಗಳಲ್ಲಿ ರಾತ್ರಿಯ ಬೆಂಕಿಯ ಸುತ್ತ ಸಿದ್ದಿಗಳನ್ನು ಕರೆಸಿ ಹದಿನೈದು ನಿಮಿಷ ಕುಣಿಸುವುದನ್ನು ನಾನು ಕಂಡಿದ್ದೇನೆ. ಊಟ ಬಡಿಸುವ ಹೊತ್ತಾದೊಡನೆ ಸಾಕು ಎಂದು ಕೈಸನ್ನೆ ಮಾಡಲಾಗುತ್ತದೆ. ವಾದಕರ ಹೆಸರನ್ನು ಯಾರೂ ಕೇಳುವುದಿಲ್ಲ. ಇನ್ನು ಕೆಲವರು ದಮಾಮಿಯ ಸದ್ದನ್ನು ಮೊಬೈಲಿನಲ್ಲಿ ಹಿಡಿದು, ಗಿಟಾರಿನ ಕೆಳಗೆ ಸೇರಿಸಿ, ಅದನ್ನು ಫ್ಯೂಷನ್ ಎನ್ನುತ್ತಾರೆ. ಸಂಗೀತಗಳು ಬೆರೆಯಬಾರದೆಂದು ನಾನು ಹೇಳುತ್ತಿಲ್ಲ. ಬೆರೆಯದೆ ಉಳಿದ ಸಂಗೀತ ಎಲ್ಲಿಯೂ ಇಲ್ಲ. ಆದರೆ ನುಡಿಸುವವರ ಹೆಸರು, ಊರು, ಪಾಠಕ್ರಮ, ಸಂಭಾವನೆ ಯಾವುದನ್ನೂ ಲೆಕ್ಕಿಸದೆ ಸದ್ದನ್ನಷ್ಟೇ ಒಯ್ಯುವುದು ಬೆರಕೆಯಲ್ಲ, ಕೊಯ್ಲು. ಹೊಲ ಉತ್ತವರು ಯಾರೋ, ಸುಗ್ಗಿ ಯಾರದೋ.

ಮರಿಯಾನೊ ತೋರಿಸಿದ ದಾರಿ ನಿಧಾನದ್ದು. ಅದರಲ್ಲಿ ಹಣವೂ ಹೆಚ್ಚಿರಲಿಲ್ಲ. ಕೊನೆಯ ವರ್ಷಗಳಲ್ಲಿ ಕ್ಯಾನ್ಸರ್ ಅವನನ್ನು ಕಾಡಿತು. ಆದರೂ ನುಡಿಸುತ್ತಲೇ ಇದ್ದ. ಯುನೈಟೆಡ್ ಜಾಝ್ ಅಂಡ್ ರಾಕ್ ಆನ್ಸಾಂಬ್ಲ್ ಎಂಬ ದೊಡ್ಡ ತಂಡದಲ್ಲಿ ದಶಕಗಳ ಕಾಲ ತನಗಿಂತ ಕಿರಿಯರ ನಡುವೆ ನುಡಿಸಿದ ಆ ಹಿರಿಯ 2009ರ ಜೂನ್ 16ರಂದು ಜರ್ಮನಿಯ ಕೊಲೋನ್ ನಗರದಲ್ಲಿ ತೀರಿಕೊಂಡ. ವಯಸ್ಸು ಎಂಬತ್ತೈದು. ಅಮೆರಿಕದಲ್ಲಿ ಹುಟ್ಟಿ, ಜಪಾನು, ಮಲೇಷ್ಯಾ, ಭಾರತಗಳಲ್ಲಿ ಕಲಿತು, ಜರ್ಮನಿಯಲ್ಲಿ ಮಣ್ಣಾದವನನ್ನು ಯಾವ ದೇಶದ ಸಂಗೀತಗಾರನೆಂದು ಕರೆಯುವುದು ಎಂಬ ಪ್ರಶ್ನೆಗೆ ಅವನ ಮುದ್ರಿಕೆಗಳಲ್ಲಿ ಉತ್ತರವಿಲ್ಲ. ಅಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ.

ಪಟ್ಟಿ ಕೇಳಿದ ಹುಡುಗರಿಗೆ ನನ್ನ ಕ್ರಮ ಇಷ್ಟು: ಮೊದಲು ಮಿಂಗಸ್, ಆಮೇಲೆ ಎಂಬ್ರಿಯೊ, ಹೆಲೆನ್, ಯೆಲ್ಲೊ ಫೀಲ್ಡ್ಸ್, ಬಳಿಕ ಕಿನ್ಸ್‌ಮೆನ್, ಕೊನೆಗೆ ಜ್ಯೋತಿ. ಒಂದೊಂದಕ್ಕೆ ಒಂದು ವಾರವಾದರೂ ಕೊಡಬೇಕು. ಬೇರೆ ಕೆಲಸ ಮಾಡುತ್ತ ಕೇಳಬಾರದು. ಏಳನೆಯ ವಾರ ಕಿವಿಗೆ ಸಿಕ್ಕಿಸಿದ್ದನ್ನು ತೆಗೆದಿಟ್ಟು ಹಳಿಯಾಳದ ಕಡೆಯ ಯಾವುದಾದರೂ ಸಿದ್ದಿ ಕೇರಿಗೆ ಹೋಗಿ, ಹಿರಿಯ ವಾದಕರ ಹೆಸರು ಕೇಳಿ ತಿಳಿದು, ಅವರು ಒಪ್ಪಿದರೆ ದಮಾಮಿಯ ಮುಂದೆ ಕುಳಿತುಕೊಳ್ಳಲಿ. ಗಿಟಾರನ್ನು ಅಂದು ಮನೆಯಲ್ಲೇ ಬಿಟ್ಟು ಹೋಗಲಿ.