ತಿನ್ನು, ಕೂರು, ಮಲಗು: ಡಾಕ್ಟರ್ ಎಸ್ಪೆರಾಂಟೊ ಕಥೆ

ಸಿ ಪ್ರೋಗ್ರಾಮಿಂಗ್ ಕ್ಲಾಸಲ್ಲಿ ನಾವೆಲ್ಲ ಕಲಿತ ಮೊದಲ ಪಾಠ ಏನು? ಒಂದೇ ಕೋಡನ್ನ ಹತ್ತು ಸಲ ಬರೀಬೇಡಿ, ಫಂಕ್ಷನ್ ಮಾಡಿ. ಇದೇ ಪಾಠವನ್ನ ಒಬ್ಬರು ಭಾಷೆಗೇ ಹಾಕಿ ನೋಡಿದ್ರು. ಅವರು ಎಂಜಿನಿಯರ್ ಅಲ್ಲ, ಕಣ್ಣಿನ ಡಾಕ್ಟರು. ಹೆಸರು ಲುಡ್ವಿಕ್ ಜಾಮೆನ್‌ಹೋಫ್.

ಅವರು ಹುಟ್ಟಿದ್ದು 1859ರ ಡಿಸೆಂಬರ್ 15ರಂದು, ಬಿಯಾಲಿಸ್ಟಾಕ್ ಅನ್ನೋ ಊರಲ್ಲಿ. ಇವತ್ತು ಅದು ಪೋಲೆಂಡ್, ಆಗ ರಷ್ಯಾ ಸಾಮ್ರಾಜ್ಯ. ಆ ಊರಲ್ಲಿ ರಷ್ಯನ್ನರು, ಪೋಲಿಷರು, ಜರ್ಮನ್ನರು, ಯಹೂದಿಗಳು ಎಲ್ಲ ಇದ್ರು. ಒಬ್ಬೊಬ್ಬರದು ಒಂದೊಂದು ಭಾಷೆ, ಒಬ್ಬರನ್ನ ಕಂಡ್ರೆ ಇನ್ನೊಬ್ಬರಿಗೆ ಆಗ್ತಿರಲಿಲ್ಲ. ಯಹೂದಿ ಮನೆಯ ಹುಡುಗ ಲುಡ್ವಿಕ್‌ಗೆ ಚಿಕ್ಕಂದಿನಲ್ಲೇ ಅನ್ನಿಸಿತು: ಎಲ್ಲರಿಗೂ ಸೇರಿದ, ಯಾರೊಬ್ಬರದೂ ಅಲ್ಲದ ಒಂದು ಭಾಷೆ ಬೇಕು.

1873ರಲ್ಲಿ ಮನೆಯವರು ವಾರ್ಸಾಗೆ ಬಂದರು. ಹೈಸ್ಕೂಲಲ್ಲಿ ಭಾಷೆ ಕಟ್ಟೋಕೆ ಕೂತಾಗ ಎದುರಾದ ಸಮಸ್ಯೆ ಡಿಕ್ಷನರಿ. ಅಷ್ಟು ಪದಗಳನ್ನ ಯಾರು ಬಾಯಿಪಾಠ ಮಾಡ್ತಾರೆ? ಉತ್ತರ ಸಿಕ್ಕಿದ್ದು ರಸ್ತೆಯಲ್ಲಿ. ಒಂದು ಬೋರ್ಡು ಕಾವಲುಗಾರನ ಕೋಣೆಯದು, ಇನ್ನೊಂದು ಸಿಹಿತಿಂಡಿ ಅಂಗಡಿಯದು. ಎರಡೂ ರಷ್ಯನ್ ಪದಗಳು ‘ಸ್ಕಾಯಾ’ ಅಂತಲೇ ಮುಗಿತಿದ್ವು. ಒಂದು ಪ್ರತ್ಯಯ ಕಲಿತರೆ ನೂರು ಪದ ತಾವಾಗೇ ಹುಟ್ಟುತ್ತವೆ ಅನ್ನೋದು ಅವರಿಗೆ ಹೊಳೆಯಿತು.

ಇದು ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ನಾವು ದಿನಾ ಮಾಡೋ ಕೆಲಸಗಳನ್ನೇ ತಗೊಳ್ಳೋಣ. ‘ಮಾಂಜಿ’ ಅಂದ್ರೆ ತಿನ್ನು. ‘ಏಯೊ’ ಅಂದ್ರೆ ಜಾಗ, ಹಾಗಾಗಿ ‘ಮಾಂಜೇಯೊ’ ನಮ್ಮ ಮೆಸ್. ‘ಈಲೊ’ ಅಂದ್ರೆ ಸಾಧನ, ‘ಮಾಂಜೀಲೊ’ ಅಂದ್ರೆ ಚಮಚ, ಫೋರ್ಕ್ ಥರದ್ದು. ‘ದೋರ್ಮಿ’ ನಿದ್ದೆ ಮಾಡು, ‘ದೋರ್ಮೇಯೊ’ ಮಲಗೋ ಹಾಲ್, ‘ಎಕ್‌ದೋರ್ಮಿ’ ನಿದ್ದೆ ಹತ್ತು. ‘ಸೀದಿ’ ಅಂದ್ರೆ ಕೂತಿರು, ‘ಸಿದೀಜಿ’ ಕೂತುಕೋ, ‘ಸಿದೀಗಿ’ ಕೂರಿಸು.

ಈ ಕೊನೇ ‘ಈಗಿ’ ನೋಡಿ ನಾವು ನಕ್ಕುಬಿಟ್ವಿ, ಯಾಕಂದ್ರೆ ಅದು ನಮ್ಮ ‘ಇಸು’! ಕುಡಿ-ಕುಡಿಸು, ಮಲಗು-ಮಲಗಿಸು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಇದನ್ನ ದಿನಾ ಬಳಸ್ತಿದ್ರೂ ಗಮನಿಸೇ ಇರಲಿಲ್ಲ. ವ್ಯತ್ಯಾಸ ಒಂದೇ. ನಾವು ‘ಹೋಗಿಸು’ ಅನ್ನಲ್ಲ, ‘ಕಳಿಸು’ ಅಂತೀವಿ. ಅವರ ಭಾಷೆಯಲ್ಲಿ ‘ಈರಿ’ ಅಂದ್ರೆ ಹೋಗು, ಅದಕ್ಕೆ ‘ಈಗಿ’ ಸೇರಿಸಿ ‘ಇರೀಗಿ’ ಅಂದ್ರೂ ಸರಿಯೇ. ಅಲ್ಲಿ ನಿಯಮ ತಪ್ಪಿಸಿಕೊಳ್ಳಲ್ಲ.

1878ರಲ್ಲಿ ಮೊದಲ ರೂಪ ರೆಡಿಯಾಯಿತು, ಸ್ಕೂಲ್ ಗೆಳೆಯರ ಜೊತೆ ಸಂಭ್ರಮವೂ ನಡೀತು. ಆಮೇಲೆ ಮೆಡಿಕಲ್ ಓದೋಕೆ ಮಾಸ್ಕೋಗೆ ಹೊರಟಾಗ ಬರೆದ ಹಾಳೆಗಳನ್ನೆಲ್ಲ ಅಪ್ಪನ ಹತ್ತಿರ ಬಿಡಬೇಕಾಯಿತು. ಮಗನ ಓದು ಹಾಳಾಗುತ್ತೆ ಅಂತ ಅಪ್ಪ ಅವನ್ನ ಸುಟ್ಟರು ಅನ್ನೋ ಕಥೆ ಇದೆ. ಜಾಮೆನ್‌ಹೋಫ್ ಎಲ್ಲವನ್ನೂ ಮತ್ತೆ ಕಟ್ಟಿದ್ರು, ವರ್ಷಗಟ್ಟಲೆ ತಿದ್ದಿದ್ರು. 1887ರಲ್ಲಿ ಕ್ಲಾರಾ ಅವರನ್ನ ಮದುವೆಯಾದ್ರು. ಅದೇ ವರ್ಷ, ಆಕೆಯ ತವರಿನಿಂದ ಬಂದ ಹಣದಲ್ಲಿ, ಮೊದಲ ಪುಸ್ತಕ ಅಚ್ಚಾಯಿತು. 16 ನಿಯಮ, ಸುಮಾರು 900 ಮೂಲಪದ, ಅಷ್ಟೇ. ಲೇಖಕರ ಹೆಸರಿನ ಜಾಗದಲ್ಲಿ ‘ಡಾಕ್ಟರ್ ಎಸ್ಪೆರಾಂಟೊ’ ಅಂತಿತ್ತು, ಅಂದ್ರೆ ಆಶೆ ಇಟ್ಟುಕೊಂಡವನು. ಕೊನೆಗೆ ಭಾಷೆಗೇ ಆ ಹೆಸರು ನಿಂತಿತು. ಭಾಷೆ ಎಲ್ಲರದು, ನನ್ನದಲ್ಲ ಅಂತ ಹಕ್ಕನ್ನೂ ಬಿಟ್ಟುಕೊಟ್ಟರು. ಈಗಿನ ಮಾತಲ್ಲಿ ಓಪನ್ ಸೋರ್ಸ್!

1905ರಲ್ಲಿ ಫ್ರಾನ್ಸಿನ ಬುಲೋನ್‌ನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆದಾಗ 688 ಜನ ಸೇರಿದ್ರು. ಬೇರೆ ಬೇರೆ ದೇಶದವರು ದುಭಾಷಿ ಇಲ್ಲದೆ ಮಾತಾಡಿದ್ರು. ಆದ್ರೆ ಮಾರನೇ ವರ್ಷವೇ ಅವರು ಹುಟ್ಟಿದ ಬಿಯಾಲಿಸ್ಟಾಕ್‌ನಲ್ಲಿ ಯಹೂದಿಗಳ ಕಗ್ಗೊಲೆ ನಡೀತು. ಮೊದಲ ಮಹಾಯುದ್ಧದ ನಡುವೆ, 1917ರ ಏಪ್ರಿಲ್ 14ರಂದು, ಅವರು ವಾರ್ಸಾದಲ್ಲಿ ತೀರಿಕೊಂಡರು.

ಅವರ ಮೂವರು ಮಕ್ಕಳನ್ನೂ ನಾಜಿಗಳು ಕೊಂದರು. ಅಪ್ಪನ ಹಾಗೆ ಕಣ್ಣಿನ ಡಾಕ್ಟರಾಗಿದ್ದ ಆಡಂ ಅವರನ್ನ 1940ರಲ್ಲಿ ಗುಂಡಿಟ್ಟು, ಸೋಫಿಯಾ ಮತ್ತು ಲಿಡಿಯಾ ಅವರನ್ನ 1942ರಲ್ಲಿ ಟ್ರೆಬ್ಲಿಂಕಾ ಶಿಬಿರದಲ್ಲಿ. ಎಸ್ಪೆರಾಂಟೊದಲ್ಲಿ ‘ಮೋರ್ತಿ’ ಅಂದ್ರೆ ಸಾಯು, ‘ಮೋರ್ತೀಗಿ’ ಅಂದ್ರೆ ಸಾಯಿಸು. ಕೂರಿಸೋಕೆ, ತಿನ್ನಿಸೋಕೆ ಬರೋ ಅದೇ ‘ಈಗಿ’.

ಭಾಷೆ ಒಂದಾದ್ರೆ ಜಗಳ ನಿಲ್ಲುತ್ತಾ? ನಿಲ್ಲಲ್ಲ, ಒಂದೇ ಭಾಷೆಯವರೂ ಹೊಡೆದಾಡ್ತಾರೆ. ಆದ್ರೂ ಆ ಪುಸ್ತಕ ಬಂದು 130 ವರ್ಷ ದಾಟಿದ್ರೂ ಎಸ್ಪೆರಾಂಟೊ ಮಾತಾಡೋರು ಇವತ್ತಿಗೂ ಇದ್ದಾರೆ. ನಮ್ಮ ಹಾಸ್ಟೆಲಲ್ಲೂ ನಾಲ್ಕೈದು ಭಾಷೆಯವರಿದ್ದೀವಿ. ನಾಳೆ ಮೆಸ್‌ನಲ್ಲಿ ಪಕ್ಕದ ಟೇಬಲ್‌ನವರನ್ನ ಕೇಳೋಣ: ನಿಮ್ಮಲ್ಲಿ ‘ತಿನ್ನಿಸು’ ಅನ್ನೋಕೆ ಏನಂತೀರಿ?